ನಾನೂರ ಹನ್ನೆರಡು ನಮೂದು

ಮೋಟಾರು ಕೋಣೆ ಕಟ್ಟಡದ ನೆತ್ತಿಯ ಮೇಲಿತ್ತು. ನೆಟ್ಟಗೆ ನಿಂತರೆ ಸೂರು ತಲೆಗೆ ತಾಗುತ್ತಿತ್ತು. ಲಿಫ್ಟಿನ ಬ್ರೇಕಿಗೆ ಹತ್ತಿದ ಜಿಡ್ಡನ್ನು ಕುಕ್ಕರಗಾಲಿನಲ್ಲಿ ಕೂತು ಒರೆಸುತ್ತಿದ್ದವನ ಜೇಬಿನಲ್ಲಿ ಫೋನು ಗುರುಗುಟ್ಟಿತು. ಹನ್ನೊಂದು ವರ್ಷದಿಂದ ಅವನು ಮನೆಖರ್ಚು ಬರೆದುಕೊಂಡು ಬಂದಿದ್ದ ಆ್ಯಪ್ ಇನ್ನು ಇಪ್ಪತ್ತೆಂಟು ದಿನಕ್ಕೆ ಮುಚ್ಚುತ್ತದಂತೆ. ಹಾಗೆಂದು ಅದೇ ಆ್ಯಪ್ ಅವನಿಗೆ ತಿಳಿಸುತ್ತಿತ್ತು. ಇವತ್ತಿನಿಂದ ಹೊಸದೇನೂ ಬರೆಯುವಂತಿಲ್ಲ, ಹಳೆಯದನ್ನು ತಿದ್ದುವಂತಿಲ್ಲ, ಬೇಕಾದರೆ ಇಳಿಸಿಕೊಳ್ಳಬಹುದು. ಇಷ್ಟು ದಿನ ಜೊತೆಯಲ್ಲಿ ನಡೆದದ್ದಕ್ಕೆ ಧನ್ಯವಾದ ಎಂದು ಬರೆದು ಪಕ್ಕದಲ್ಲಿ ಕೆಂಪು ಹೃದಯದ ಚಿತ್ರ ಹಾಕಿದ್ದರು. ನಡೆದದ್ದು ಯಾರು, ನೀನೋ ನಾನೋ, ಎಂದು ಅವನು ಫೋನಿಗೆ ಕೇಳುವಂತೆಯೇ ಗದರಿದ. ಹೀಗೆ ಗದರುವುದು ಅವನಿಗೆ ಹೊಸದಲ್ಲ. ಲಿಫ್ಟ್ ಕಂಪನಿಯ ಡಿಪೋದಲ್ಲಿ ಅವನ ಬೆನ್ನ ಹಿಂದೆ ಎಲ್ಲರೂ ಅವನನ್ನು ಫ್ಯೂಸು ಎಂದೇ ಕರೆಯುತ್ತಿದ್ದರು, ಒಂದಿಬ್ಬರು ಮುಖದೆದುರೂ. ಆದರೆ ಇವತ್ತು ಗದರಿದ ಮೇಲೆ ತಾನೇ ಆಡಿದ್ದ ಮಾತು ನೆನಪಾಯಿತು. ಅದೇ ಬೆಳಿಗ್ಗೆ ಮೂರನೇ ಮಹಡಿಯ ಮುದುಕಿಗೆ, "ಈ ಲಿಫ್ಟಿನ ಮಾಡೆಲ್ಲು ನಿಂತುಹೋಯ್ತು ಅಜ್ಜಿ, ಬಿಡಿಭಾಗ ಬರಲ್ಲ, ಪೂರ್ತಿ ಬದಲಾಯಿಸಬೇಕು" ಎಂದು ಹೇಳಿ ಬಂದಿದ್ದ. ಮುದುಕಿ, "ಓಡ್ತಾ ಇದೆಯಲ್ಲಪ್ಪ, ಯಾಕೆ ಬದಲಾಯಿಸ್ಬೇಕು?" ಎಂದಿದ್ದಳು. ಇಪ್ಪತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ನೂರು ಜನ ಕೇಳಿದ್ದರು. ಪ್ರತಿ ಸಲವೂ ಅವನು ಕೈ ಒರೆಸಿಕೊಳ್ಳುತ್ತ, ಅದು ಹಾಗೇ, ಕಂಪನಿಯವರು ಹಾಗೇ, ಎಂದು ಹೇಳಿ ಕೆಳಗಿಳಿದಿದ್ದ. ಈಗ ಅವನ ಮುಂದೆ ಕೈ ಒರೆಸಿಕೊಳ್ಳಲು ಯಾರೂ ಇರಲಿಲ್ಲ.

ಹೊಸ ಆ್ಯಪ್ ಹುಡುಕುವ ಕೆಲಸ ಒಂದು ಸಂಜೆಯಲ್ಲಿ ಮುಗಿಯುತ್ತದೆಂದು ಮಗಳು ಹೇಳಿದಳು. ಕಾಲೇಜಿನಲ್ಲಿ ಓದುವ ಅವಳಿಗೆ ಎಲ್ಲ ಕೆಲಸವೂ ಒಂದು ಸಂಜೆಯದು. ಅವಳು ಆರಿಸಿಕೊಟ್ಟ ಮೊದಲನೆಯದನ್ನು ತೆರೆದಾಗ ಒಂದು ಹಳದಿ ಹಕ್ಕಿ ಹಾರಿಬಂದು ನಿಮ್ಮ ಕನಸೇನು ಎಂದು ಕೇಳಿತು. ಈರುಳ್ಳಿಗೆ ಎಷ್ಟು ಕೊಟ್ಟೆ ಎಂದು ಬರೆಯಲು ಬಂದವನ ಹತ್ತಿರ ಕನಸು ಕೇಳುವ ಹಕ್ಕಿಯ ಕತ್ತು ಹಿಸುಕಬೇಕೆನ್ನಿಸಿತು. ಕನಸು ಹೇಳದ ಹೊರತು ಅದು ಮುಂದಿನ ಪುಟ ತೆರೆಯಲಿಲ್ಲ. ಪ್ರವಾಸ, ಮನೆ, ಮದುವೆ, ನಿವೃತ್ತಿ ಎಂದು ನಾಲ್ಕು ಚೌಕಗಳಿದ್ದವು. ಸುಮ್ಮನೆ ಪ್ರವಾಸವನ್ನು ಒತ್ತಿದ. ಅಂದಿನಿಂದ ಅವನು ಎಷ್ಟೇ ಖರ್ಚು ಬರೆಯಲಿ, ಹಕ್ಕಿ ತಲೆ ತಗ್ಗಿಸಿ, ಪ್ರವಾಸ ಇನ್ನೂ ದೂರ ಹೋಯಿತು ಎಂದು ಕಣ್ಣೀರು ಹಾಕತೊಡಗಿತು. ಎರಡು ದಿನ ಸಹಿಸಿಕೊಂಡು ಕಿತ್ತುಹಾಕಿದ. ಎರಡನೆಯದು ಬ್ಯಾಂಕಿನ ಗುಟ್ಟು ಸಂಖ್ಯೆಯನ್ನೇ ಕೇಳಿತು. ಮೂರನೆಯದು ನೀವು ಮನುಷ್ಯರೇ ಎಂದು ಅನುಮಾನಪಟ್ಟಿತು. ಮೆಟ್ಟಿಲುಗಳಿರುವ ಚಿತ್ರಗಳನ್ನೆಲ್ಲ ಆರಿಸಿ ಎಂದಿತು. ಒಂಬತ್ತು ಚಿತ್ರಗಳಲ್ಲಿ ಒಂದರಲ್ಲಿ ಅಂಗಡಿಯೊಳಗಿನ ಚಲಿಸುವ ಮೆಟ್ಟಿಲಿತ್ತು. ಅದನ್ನು ಮೆಟ್ಟಿಲು ಎನ್ನುವವನು ನಮ್ಮ ಕಸುಬಿಗೆ ನಾಲಾಯಕ್ಕು, ಅದು ಯಂತ್ರ, ಅದಕ್ಕೆ ಬೇರೆ ಲೈಸೆನ್ಸು, ಬೇರೆ ಪರೀಕ್ಷೆ. ಅವನು ಅದನ್ನು ಬಿಟ್ಟ. ತಪ್ಪು, ಮತ್ತೆ ಪ್ರಯತ್ನಿಸಿ. ಮೂರನೆಯ ಸಲವೂ ಬಿಟ್ಟ. ಮಗಳು ಪಕ್ಕದಲ್ಲಿ ನಿಂತು, "ಅಪ್ಪ, ಒತ್ತಿಬಿಡು ಅದನ್ನ, ಅದೇನು ಹಠ" ಎಂದಳು. "ಅದು ಮೆಟ್ಟಿಲಲ್ಲ ಕಣೇ." "ನೀನು ಮನುಷ್ಯ ಅಂತ ತೋರಿಸ್ಬೇಕೋ ಬೇಡ್ವೋ?" ಅಡುಗೆಮನೆಯಿಂದ ಹೆಂಡತಿ, "ಒಂದು ನೋಟುಬುಕ್ಕು ತಗೊಂಡು ಬರ್ದಿಟ್ರೆ ಆಗಲ್ವಾ? ಅದು ಮುಚ್ಚೋದೂ ಇಲ್ಲ, ನಿಮ್ಮನ್ನ ಏನೂ ಕೇಳೋದೂ ಇಲ್ಲ" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು, ಆದ್ದರಿಂದಲೇ ಅವನು ರೇಗಿದ.

ನೋಟುಬುಕ್ಕು ಯಾಕಾಗದು ಎಂಬುದನ್ನು ಹೆಂಡತಿಗೆ ಹೇಳುವಂತಿರಲಿಲ್ಲ. ನೋಟುಬುಕ್ಕನ್ನು ಯಾರಾದರೂ ತೆರೆದು ಓದುತ್ತಾರೆ. ಹನ್ನೊಂದು ವರ್ಷದಲ್ಲಿ ಆ ಹಳೆಯ ಆ್ಯಪಿನೊಳಗೆ ಅವನ ಹೊರತು ಯಾರೂ ಇಣುಕಿರಲಿಲ್ಲ. ಆಹಾರ, ಬಾಡಿಗೆ, ಸಾರಿಗೆ, ಆರೋಗ್ಯ ಎಂದು ಅವರೇ ಕೊಟ್ಟಿದ್ದ ತಲೆಬರಹಗಳ ಕೆಳಗೆ ನಮ್ಮದೇ ಒಂದನ್ನು ಸೇರಿಸಿಕೊಳ್ಳಲು ಜಾಗವಿತ್ತು. ಅಲ್ಲಿ ಅವನು ದಂಡ ಎಂದು ಬರೆದಿದ್ದ. ಸುಮ್ಮನೆ ಹಾಳಾದ ದುಡ್ಡಿಗೆಲ್ಲ ಅದೇ ಗುಂಡಿ. ಅದನ್ನು ತೋಡಿದ್ದು ಯಾವಾಗ, ಯಾವುದಕ್ಕೆ ಎಂಬುದು ಈಗ ಅವನಿಗೆ ನೆನಪಿರಲಿಲ್ಲ. ನೆನಪಿದ್ದದ್ದು ಕೊನೆಯಲ್ಲಿ ಅದರೊಳಗೆ ಬಿದ್ದದ್ದು ಮಾತ್ರ. ಅಮ್ಮ ಹದಿನಾಲ್ಕು ತಿಂಗಳು ಮಲಗಿದ್ದಳು. ಒಂದು ವಾರದ ಹಿಂದೆಯಷ್ಟೇ ಮಾಡಿಸಿದ್ದ ರಕ್ತಪರೀಕ್ಷೆಯನ್ನು ಆಸ್ಪತ್ರೆಯವರು ಮತ್ತೆ ಮಾಡಿಸಿದ ದಿನ ಅವನು ಕೌಂಟರಿನಲ್ಲಿ ಕೂಗಾಡಿ, ದುಡ್ಡು ಕಟ್ಟಿ, ಸಿಟ್ಟಿನ ಕೈಯಲ್ಲೇ ಆ ಮೊತ್ತವನ್ನು ದಂಡದ ಕೆಳಗೆ ತಳ್ಳಿದ್ದ. ಸಿಟ್ಟು ಆಸ್ಪತ್ರೆಯ ಮೇಲೆ. ಆದರೆ ಆ್ಯಪಿಗೆ ಒಂದು ಬುದ್ಧಿ ಇತ್ತು, ಒಮ್ಮೆ ಒಂದು ಹೆಸರನ್ನು ಎಲ್ಲಿಟ್ಟೆವೋ ಮುಂದಿನ ಸಲ ತಾನೇ ಅಲ್ಲಿಡುತ್ತಿತ್ತು. ಎರಡನೆಯ ಸಲ ಆಸ್ಪತ್ರೆಯ ಹೆಸರು ತಾನಾಗಿಯೇ ದಂಡಕ್ಕೆ ಹೋದಾಗ ಅವನು ನೋಡಿದ, ಬದಲಾಯಿಸಲು ಸೋಮಾರಿತನ. ಮೂರನೆಯ ಸಲ ನೋಡಿದ. ಇರಲಿ, ಸರಿಯಾಗೇ ಇದೆ ಎನ್ನಿಸಿತು. ಸೋಮಾರಿತನಕ್ಕೆ ಕ್ಷಮೆಯಿದೆ, ಕೂಗಾಟಕ್ಕೂ ಇದೆ, ಮೂರನೆಯ ಸಲ ಸರಿಯಾಗೇ ಇದೆ ಎನ್ನಿಸಿದ್ದಕ್ಕೆ ಎಲ್ಲಿಯ ಕ್ಷಮೆ? ಅಮ್ಮ ದಿಂಬಿಗೆ ಒರಗಿಕೊಂಡು, ಅದೇನೋ ಯಾವಾಗಲೂ ಕುಟ್ತಾ ಇರ್ತೀಯ ಎಂದು ಕೇಳಿದ್ದಳು. ಲೆಕ್ಕ ಬರೀತಿದೀನಿ ಅಂದಿದ್ದ. ನಂದೂ ಬರ್ದಿದೀಯಾ? ಹೂಂ. ಅವಳಿಗೆ ಖುಷಿಯಾಗಿತ್ತು. ಬರಿ ಬರಿ, ಎಂದು ಹೇಳಿ, ದೊಡ್ಡ ಮನುಷ್ಯನ ಬಗಲಿಗೆ ಕೂತವಳ ಹಾಗೆ ಕಣ್ಣು ಮುಚ್ಚಿದ್ದಳು.

ಅವಳು ಹೋಗಿ ಎರಡು ವರ್ಷವಾಗಿತ್ತು. ಆ್ಯಪ್ ಮುಚ್ಚಲು ಒಂದು ವಾರವಿರುವಾಗ ಅಕ್ಕ ಫೋನು ಮಾಡಿದಳು. ಅಕ್ಕ ನೀರು ಸರಬರಾಜು ಕಚೇರಿಯಲ್ಲಿ ಬಿಲ್ಲು ಪಾಸು ಮಾಡುವ ವಿಭಾಗದಲ್ಲಿ ಮೂವತ್ತು ವರ್ಷ ಕೂತು ನಿವೃತ್ತಳಾದವಳು. ನೌಕರರ, ನಿವೃತ್ತರ ತಂದೆತಾಯಿಯ ಆಸ್ಪತ್ರೆ ಖರ್ಚಿನಲ್ಲಿ ಒಂದು ಪಾಲನ್ನು ಹಿಂದಿರುಗಿಸುತ್ತೇವೆಂದು ಅವಳ ಕಚೇರಿ ಈಗ ಕಣ್ಣು ಬಿಟ್ಟಿತ್ತು. "ಬಿಲ್ಲೆಲ್ಲ ಆಫೀಸಿನವರ ಹತ್ರಾನೇ ಇದೆ ಕಣೋ. ಯಾರು ಯಾವತ್ತು ಎಷ್ಟು ಕೊಟ್ರು ಅಂತ ತಾರೀಖು ಹಾಕಿ ಪಟ್ಟಿ ಬೇಕಂತೆ. ನಾನು ಕೊಟ್ಟಿದ್ದು ನನ್ನ ಡೈರೀಲಿದೆ. ನೀನು ಆ ಫೋನಲ್ಲಿ ಬರ್ಕೋತಿದ್ಯಲ್ಲ, ಅದನ್ನ ಹಾಗೇ ಕಳಿಸು. ಬಂದದ್ದನ್ನ ಅವರವರು ಕೊಟ್ಟ ಲೆಕ್ಕದಲ್ಲಿ ಹಂಚ್ಕೊಳ್ಳೋಣ." ಹಾಗೇ ಕಳಿಸು ಎಂಬ ಮಾತು ಅವನ ಎದೆಯಲ್ಲಿ ಸಿಕ್ಕಿಕೊಂಡಿತು. ಹಾಗೇ ಕಳಿಸಿದರೆ ಪ್ರತಿ ಸಾಲಿನ ಎದುರು ಆಸ್ಪತ್ರೆಯ ಹೆಸರು, ತಾರೀಖು, ಮೊತ್ತ, ಆಮೇಲೆ ದಂಡ. ಮತ್ತೆ ಆಸ್ಪತ್ರೆ, ದಂಡ. ಔಷಧಿ, ದಂಡ. ಮಗ್ಗುಲು ಬದಲಿಸಲು ಬರುತ್ತಿದ್ದ ದಾದಿಗೆ ಕೊಟ್ಟದ್ದು, ದಂಡ. ಹದಿನಾಲ್ಕು ತಿಂಗಳು ಅಮ್ಮನ ಕೂದಲು ಬಾಚಿದ, ಉಗುರು ತೆಗೆದ ಅಕ್ಕ ಅದನ್ನು ಓದುತ್ತಾಳೆ. ತಮ್ಮ ದುಡ್ಡು ಕೊಡುವುದರಲ್ಲಿ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ ಎಂದು ನೆಂಟರ ಮುಂದೆಲ್ಲ ಅವಳೇ ಹೇಳಿಕೊಂಡು ತಿರುಗಿದ್ದಳು. ಅವನೂ ಆ ಮಾತನ್ನು ತಲೆ ತಗ್ಗಿಸಿ ಕೇಳಿ, ವಿನಯದಿಂದ ಸುಮ್ಮನಿದ್ದ.

ಹಾಗಾಗಿ ಅವನ ಹುಡುಕಾಟದ ಗುರಿಯೇ ಬದಲಾಯಿತು. ಹಳೆಯದರಲ್ಲಿ ತಿದ್ದುವಂತಿಲ್ಲ. ಹಳೆಯದನ್ನು ಒಳಗೆ ಎಳೆದುಕೊಂಡು, ತಲೆಬರಹ ಬದಲಾಯಿಸಲು ಬಿಡುವ, ಏನೂ ಪ್ರಶ್ನೆ ಕೇಳದ ಆ್ಯಪ್ ಬೇಕಾಗಿತ್ತು. ನಾಲ್ಕನೆಯದು ಹಾಗೆ ಸಿಕ್ಕಿತು. ಬೂದು ಬಣ್ಣ, ಹಕ್ಕಿಯಿಲ್ಲ, ಹೃದಯವಿಲ್ಲ. ಕೊನೆಯ ದಿನದ ಮಧ್ಯಾಹ್ನ, ಅದೇ ಮೋಟಾರು ಕೋಣೆಯಲ್ಲಿ ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟು ಹನ್ನೊಂದು ವರ್ಷವನ್ನು ಅದರೊಳಗೆ ಸುರಿದ. ಅದು ಗಂಭೀರವಾಗಿ ಒಂದೊಂದೇ ತಲೆಬರಹವನ್ನು ಗುರುತಿಸುತ್ತ ಬಂದು ದಂಡದ ಹತ್ತಿರ ನಿಂತಿತು. ಈ ತಲೆಬರಹ ನಮ್ಮಲ್ಲಿಲ್ಲ, ಇದರಲ್ಲಿ ನಾನೂರ ಹನ್ನೆರಡು ನಮೂದುಗಳಿವೆ, ಇವನ್ನು ಎಲ್ಲಿಗೆ ಸೇರಿಸಲಿ? ಆರೋಗ್ಯ, ದಾನ, ಮನರಂಜನೆ, ಇತರೆ, ಹೊಸದು. ಆರೋಗ್ಯ ಎಂದು ಒತ್ತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತಪ್ಪು ಮಾಡಿದವನಿಗೆ ಅಷ್ಟಕ್ಕೇ ಬಿಡಲು ಮನಸ್ಸು ಬರಲಿಲ್ಲ, ಒಂದಿಷ್ಟು ಒಳ್ಳೆಯವನಾಗುವ ಆಸೆ ಹುಟ್ಟಿತು. ಹೊಸದು ಎಂದು ಒತ್ತಿ, ಜಿಡ್ಡು ಹತ್ತಿದ ಹೆಬ್ಬೆರಳಿನಿಂದ ಅಮ್ಮ ಎಂದು ಬರೆದ. ಒಂದೇ ಒತ್ತು, ನಾನೂರ ಹನ್ನೆರಡೂ ಅಮ್ಮನ ಕೆಳಗೆ ಹೋಗಿ ಸಾಲಾಗಿ ಕೂತವು. ಅವನ ಕಣ್ಣು ತುಂಬಿತು. ಕಣ್ಣು ತುಂಬಿದ್ದರಿಂದಲೋ ಏನೋ ಪಟ್ಟಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡುವ ಗೋಜಿಗೆ ಹೋಗದೆ ಅಕ್ಕನಿಗೆ ಕಳಿಸಿಬಿಟ್ಟ. ಇಳಿಸಿಕೊಂಡಿದ್ದ ಹಳೆಯ ಕಡತವನ್ನು ಅಳಿಸಿದ. ಕಸದ ಬುಟ್ಟಿಯಿಂದಲೂ ಅಳಿಸಿದ. ಹಳೆಯ ಆ್ಯಪನ್ನು ಕಿತ್ತ. ಆಮೇಲೆ ಹಗುರಾಗಿ, ಹಸಿವೆಯಾಗಿ, ಊಟ ಮಾಡಿದ.

ಭಾನುವಾರ ಬೆಳಿಗ್ಗೆ ಅಕ್ಕ ಬಾ ಎಂದಳು. ಪಟ್ಟಿ ನೋಡಿದೆ, ಬಾ, ಅಷ್ಟೇ. ಅವಳ ದನಿ ಗದ್ಗದವಾಗಿದೆಯೆಂದು ಅವನು ಅಂದುಕೊಂಡ. ಬಸ್ಸಿನಲ್ಲಿ ಕೂತು, ಅವಳು ಅತ್ತರೆ ಏನು ಹೇಳಬೇಕೆಂದು ಒಂದೆರಡು ಮಾತು ಸಿದ್ಧ ಮಾಡಿಕೊಂಡ. ಬಾಗಿಲು ತೆಗೆದ ಅಕ್ಕನ ಕಿವಿಯ ಮೇಲೆ ಕೆಂಪು ಪೆನ್ನು ಇತ್ತು. ಊಟದ ಮೇಜಿನ ಮೇಲೆ ಅಚ್ಚು ಹಾಕಿಸಿದ ಕಾಗದದ ಕಟ್ಟು, ಅದರ ಮೇಲೆ ಸ್ಕೇಲು. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಅವಳು ಪಟ್ಟಿಯನ್ನು ಸ್ಕೇಲು ಇಡದೆ ಓದುತ್ತಿರಲಿಲ್ಲ.

"ಕೂತ್ಕೋ. ಚಹಾ ಕುಡಿ ಮೊದಲು."

ಕುಡಿದ.

"ಅಮ್ಮನಿಗೆ ಕೈ ಎಷ್ಟಿತ್ತೋ?"

"ಏನಕ್ಕ?"

"ಆರು ಛತ್ರಿ ಇದೆ ಇದ್ರಲ್ಲಿ. ಅಮ್ಮ, ಛತ್ರಿ, ಬಸ್ಸಲ್ಲಿ ಬಿಟ್ಟಿದ್ದು. ಅಮ್ಮ, ಛತ್ರಿ, ಮತ್ತೆ ಬಸ್ಸಲ್ಲಿ ಬಿಟ್ಟಿದ್ದು. ಮಲಗಿದ್ದೋಳು ಯಾವ ಬಸ್ಸು ಹತ್ತಿದ್ಲು? ಕೆಲವಕ್ಕೆ ಅವಳು ಮಲಗೋಕೆ ಎಷ್ಟೋ ವರ್ಷ ಮುಂಚಿನ ತಾರೀಖು ಬೇರೆ." ಸ್ಕೇಲು ಕೆಳಗೆ ಜಾರಿತು. "ಗಾಡಿ ಎಲ್ಲೆಂದ್ರಲ್ಲಿ ನಿಲ್ಸಿದ್ದಕ್ಕೆ ಪೊಲೀಸರಿಗೆ, ನಾಲ್ಕು ಸಲ. ವ್ಯಾಯಾಮದ ಸೈಕಲ್ಲು ಒಂದು. ಮಲಗಿದ್ದಲ್ಲೇ ತುಳೀಲಿ ಅಂತ ತಂದ್ಯಾ? ಕೂದಲು ಉದುರದ ಎಣ್ಣೆ, ಮೂರು ಬಾಟ್ಲಿ. ಇದನ್ನ ಮಾತ್ರ ಒಪ್ತೀನಿ. ನಿನ್ನ ತಲೆ ನೋಡಿದ್ರೆ ನೀನಂತೂ ಹಚ್ಚಿಲ್ಲ."

ದಂಡದ ಗುಂಡಿಯನ್ನು ತೋಡಿದ್ದು ಯಾವಾಗ ಎಂದು ಅವನಿಗೆ ಆಗ ನೆನಪಾಯಿತು. ಮೊದಲ ಛತ್ರಿ. ಅಮ್ಮ ಕಾಯಿಲೆ ಬೀಳುವ ಎಷ್ಟೋ ವರ್ಷ ಮುಂಚೆ. ಕಳೆದುಹೋದ ಛತ್ರಿ, ಪೊಲೀಸರು, ಒಡೆದ ಫೋನಿನ ಗಾಜು, ಅರ್ಧಕ್ಕೇ ಎದ್ದುಬಂದ ಸಿನಿಮಾ, ಎಲ್ಲ ಅಲ್ಲೇ ಬಿದ್ದಿದ್ದವು, ಅಮ್ಮ ಬಂದು ಸೇರುವವರೆಗೆ. ಮೊನ್ನೆ ಒಂದೇ ಒತ್ತಿಗೆ ಅವನು ಅವೆಲ್ಲವನ್ನೂ ಅಮ್ಮನ ತಲೆಗೆ ಕಟ್ಟಿದ್ದ. ಕಿವಿಯವರೆಗೆ ಬಿಸಿ ಏರಿತು. ಸಿಟ್ಟು ಬಂದಾಗ ಏರುವುದೂ ಹೀಗೆಯೇ, ಆದರೆ ಯಾರ ಮೇಲೆ ಬಿಡುವುದೆಂದು ತಿಳಿಯಲಿಲ್ಲ.

"ದುಡ್ಡು ವಾಪಸ್ ಬರುತ್ತೆ ಅಂತ ಸೇರಿಸಿದ್ಯಾ?" ಅಕ್ಕ ಕನ್ನಡಕ ತೆಗೆದು ಕೇಳಿದಳು. ದನಿ ತೀರ ಮೆತ್ತಗಿತ್ತು. ಮೂವತ್ತು ವರ್ಷ ಸುಳ್ಳು ಬಿಲ್ಲು ಹಿಡಿದವಳು, ಹಿಡಿದಾಗ ಕೂಗಾಡುತ್ತಿರಲಿಲ್ಲವಂತೆ. ಹೇಳಬಹುದಾದ ಉತ್ತರಗಳು ಎರಡೇ ಇದ್ದವು. ಹೌದು, ಸೇರಿಸಿದೆ ಎಂದರೆ ಕಳ್ಳ. ಇಲ್ಲ, ಇವೆಲ್ಲ ಮೊದಲಿನಿಂದ ಒಂದೇ ಕಡೆ ಇದ್ದವು, ಆ ಕಡೆಯ ಹೆಸರು ಹೀಗಿತ್ತು ಎಂದರೆ... ಲಿಫ್ಟು ಎರಡು ಮಹಡಿಗಳ ನಡುವೆ ನಿಂತಾಗ ಒಳಗಿದ್ದವರು ಬಾಗಿಲನ್ನು ಸ್ವಲ್ಪವೇ ಬಿಡಿಸಿ ನೋಡುತ್ತಾರೆ, ಮೇಲೊಂದು ಸಿಮೆಂಟಿನ ಅಂಚು, ಕೆಳಗೊಂದು ಕತ್ತಲೆ ಸಂದಿ. ಅಲುಗಾಡಬೇಡಿ ಎಂದು ಅವನು ಹೊರಗಿನಿಂದ ಕೂಗುತ್ತಾನೆ.

"ಸೇರಿಸಿದೆ ಅಕ್ಕ. ತಪ್ಪಾಯ್ತು."

ಕಳ್ಳನಾಗುವುದು ಇಷ್ಟು ಸುಲಭವೆಂದು ಅವನಿಗೆ ಗೊತ್ತಿರಲಿಲ್ಲ. ಅಕ್ಕ ಎದ್ದು ಅವನ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದಳು. ಅವಳ ಮುಖದಲ್ಲಿ ಒಂದು ಬಗೆಯ ಕಳೆ ಬಂದಿತ್ತು. ದುಡ್ಡು ಕೊಡುವುದರಲ್ಲಿ ಮುಖ ಗಂಟಿಕ್ಕದ ತಮ್ಮನನ್ನು ಹೊಗಳಿ ಹೊಗಳಿ ಅವಳಿಗೂ ಸಾಕಾಗಿತ್ತೋ ಏನೋ. "ಕಷ್ಟ ಇದ್ರೆ ಬಾಯಿಬಿಟ್ಟು ಕೇಳ್ಬಾರ್ದೇನೋ ಪೆದ್ದೇ? ಚಿಕ್ಕೋನಿದ್ದಾಗ ನನ್ನ ಪೆನ್ಸಿಲ್ಲು ಕದ್ದು ನಿನ್ನ ಹೆಸರು ಕೊರ್ಕೋತಿದ್ದೆ. ಹಂಗೇ ಇದೀಯ. ಇರ್ಲಿ, ಮಗಳ ಓದು, ಖರ್ಚು ಇದ್ದೇ ಇರುತ್ತೆ." ಅವಳು ಅವನ ಬೆನ್ನು ತಟ್ಟಿದಳು. ಮಾಡದ ತಪ್ಪಿಗೆ ಸಿಕ್ಕ ಆ ಕ್ಷಮೆ ಗ್ರೀಸಿನ ಹಾಗೆ ಅಂಗಿಗೆ ಅಂಟಿಕೊಂಡಿತು. ನಾನು ಕಳ್ಳನಲ್ಲ ಎಂದು ಮೇಜು ಗುದ್ದಬೇಕೆನ್ನಿಸಿತು. ಚಹಾ ಕುಡಿದ.

"ಈಗ ಒಂದೊಂದೇ ಕೇಳ್ತೀನಿ. ಅಮ್ಮಂದಾದ್ರೆ ಹೂಂ ಅನ್ನು, ಅಲ್ಲದಿದ್ರೆ ಅಲ್ಲ ಅನ್ನು. ಸುಳ್ಳು ಹೇಳಿದ್ರೆ ಗೊತ್ತಾಗುತ್ತೆ."

ಛತ್ರಿಗಳು ಹೋದವು. ಸೈಕಲ್ಲು ಹೋಯಿತು. ಸ್ಕೇಲಿನ ಅಂಚಿಗೆ ಪೆನ್ನು ಒತ್ತಿ ಅವಳು ಎಳೆಯುವ ಗೆರೆ ನೆಟ್ಟಗಿರುತ್ತಿತ್ತು, ತಾರೀಖಿನಿಂದ ಮೊತ್ತದವರೆಗೆ. ರಕ್ತಪರೀಕ್ಷೆ, ಹೂಂ. ಔಷಧಿ, ಹೂಂ. ಸಿನಿಮಾ, ಅಲ್ಲ. ಹೂಂ, ಹೂಂ, ಅಲ್ಲ. ಶಾಲೆಯಲ್ಲಿ ಮಗ್ಗಿ ಒಪ್ಪಿಸುವಾಗಿನ ಹಾಗೆ ಅವನ ದನಿ ಸಣ್ಣಗಾಗುತ್ತ ಬಂತು. ಆಮೇಲೆ ಸ್ಕೇಲು ಒಂದು ಕಡೆ ನಿಂತಿತು.

"ಟ್ಯಾಕ್ಸಿ, ಹೋಗಿ ಬಂದಿದ್ದು. ಇದು?"

ತಾರೀಖನ್ನು ನೋಡಿದ. ಅಮ್ಮ ಹೋಗುವ ನಾಲ್ಕು ದಿನ ಮುಂಚಿನದು. ಅವತ್ತು ಮಧ್ಯಾಹ್ನ ಅಕ್ಕ ಫೋನು ಮಾಡಿ, ನಿನ್ನ ಕೇಳ್ತಿದಾಳೆ, ಬಾ ಎಂದಿದ್ದಳು. ಸಂಜೆ ಅವನು, ಒಂದು ಕಡೆ ಲಿಫ್ಟಿನಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದರು, ಬರೋಕಾಗಲಿಲ್ಲ ಎಂದು ತಿಳಿಸಿದ್ದ. ಯಾರೂ ಸಿಕ್ಕಿಹಾಕಿಕೊಂಡಿರಲಿಲ್ಲ. ಅವನು ಟ್ಯಾಕ್ಸಿ ಹಿಡಿದು ಆಸ್ಪತ್ರೆಯ ಗೇಟಿನವರೆಗೆ ಹೋಗಿದ್ದ. ಕಾವಲಿನವನು, ಡಾಕ್ಟರು ಒಳಗಿದ್ದಾರೆ, ಹತ್ತು ನಿಮಿಷ ಬೆಂಚಿನ ಮೇಲೆ ಕೂತಿರಿ ಎಂದಿದ್ದ. ಹಾಗೆ ಬೆಂಚು ತೋರಿಸಿದ ಬೆರಳು ಅವನಿಗೆ ಹಿಡಿಸಲಿಲ್ಲ. ನಾಲ್ಕು ಮಾತು ಆಡಿದ, ಅವನೂ ಎರಡು ಆಡಿದ, ಇವನು ಅದೇ ಟ್ಯಾಕ್ಸಿಯಲ್ಲಿ ತಿರುಗಿ ಬಂದುಬಿಟ್ಟ. ಮಾರನೆಯ ದಿನದಿಂದ ಅಮ್ಮನಿಗೆ ಮಾತಿರಲಿಲ್ಲ.

"ಅಲ್ಲ" ಎಂದ.

ಅಕ್ಕ ಪೆನ್ನು ಎತ್ತಲಿಲ್ಲ. "ಇದೊಂದು ಅಮ್ಮಂದೇ ಕಣೋ. ನೀನು ಗೇಟಿನ ತನಕ ಬಂದಿದ್ದೆ ಅಂತ ಆ ಕಾವಲಿನೋನು ಅವತ್ತೇ ಬಂದು ಹೇಳ್ದ. ನಿಮ್ಮ ತಮ್ಮನಿಗೆ ಸ್ವಲ್ಪ ಬುದ್ಧಿ ಹೇಳಿ ಅಂದ."

"ನಿಂಗೆ ಗೊತ್ತಿತ್ತಾ?"

"ಅಮ್ಮನಿಗೂ ಹೇಳ್ದೆ. ಬಂದಿದ್ದ, ಗೇಟಲ್ಲಿ ಜಗಳ ಆಡ್ಕೊಂಡು ಹೋದ ಅಂತ. ಹಂಗಾದ್ರೆ ಅವನೇ, ಬೇರೆ ಯಾರೂ ಅಲ್ಲ, ಅಂತ ನಕ್ಕಳು. ಆಮೇಲೆ ನಗಲೇ ಇಲ್ಲ ನೋಡು."

ಅವನೊಳಗೆ ಯಾವುದೋ ಹಲ್ಲುಚಕ್ರ ಕಚ್ಚು ಬಿಟ್ಟು ಜಾರಿತು. ಅವನು ತಡೆಯಿಲ್ಲದೆ ಹೇಳಿಬಿಟ್ಟ. ಪಟ್ಟಿಯ ತಲೆಯ ಮೇಲೆ ಅಮ್ಮ ಎಂದು ಇರಲಿಲ್ಲ, ತಾನೇ ಮೊನ್ನೆ ಬದಲಾಯಿಸಿದ್ದು, ಇದ್ದದ್ದು ದಂಡ ಎಂದು. ಛತ್ರಿಯೂ ದಂಡ, ಸೈಕಲ್ಲೂ ದಂಡ, ಅಮ್ಮನೂ. ತಾನು ಒಂದು ಕಾಸನ್ನೂ ಸೇರಿಸಿಲ್ಲ, ತಾನು ಕದ್ದಿಲ್ಲ, ತಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಮೂರನೆಯ ಸಲ ನೋಡಿ ಸರಿಯಾಗೇ ಇದೆ ಅಂದುಕೊಂಡೆ ಅಕ್ಕ, ಎಂಬುದನ್ನೂ ಹೇಳಿದ.

ಅಕ್ಕನ ಮುಖದ ಕಳೆ ಇಳಿಯಿತು. ಅವಳು ಅವನನ್ನು ನೋಡಿದಳು, ಒಳ್ಳೆಯ ಬಿಲ್ಲಿನ ನಡುವೆ ಸಿಕ್ಕ ಸುಳ್ಳು ರಸೀದಿಯನ್ನು ನೋಡುವ ಹಾಗೆ.

"ಛೀ" ಎಂದಳು. "ಕಳ್ಳ ಅನ್ನಿಸಿಕೊಳ್ಳೋದು ತಪ್ಪಿಸ್ಕೊಳ್ಳೋಕೆ ಇಂಥಾ ಮಾತು ಕಟ್ತೀಯಾ? ಅಮ್ಮನ ವಿಷಯದಲ್ಲಿ? ನಾನು ಬೈದ್ನಾ? ಕದ್ದೆ ಅಂತ ನೀನಂದೆ, ಆಯ್ತು ಬಿಡು ಅಂತ ನಾನಂದೆ. ಅಷ್ಟಕ್ಕೆ ಸುಮ್ನಿರೋಕೆ ಏನಾಗಿತ್ತು ನಿಂಗೆ?"

"ನಿಜ ಅಕ್ಕ."

"ಎಲ್ಲಿ, ತೋರ್ಸು."

ಅವನು ಫೋನನ್ನು ಕೈಗೆ ತೆಗೆದುಕೊಂಡ. ಹಳೆಯ ಆ್ಯಪ್ ಮುಚ್ಚಿ ಮೂರು ದಿನವಾಗಿತ್ತು. ಕಡತವನ್ನು ಅವನೇ ಬುಟ್ಟಿಯಿಂದಲೂ ಅಳಿಸಿದ್ದ. ಹೊಸದನ್ನು ತೆರೆದ. ಅದರಲ್ಲಿ ಎಲ್ಲಿ ನೋಡಿದರೂ ಅಮ್ಮ ಎಂದಿತ್ತು.

"ತೋರ್ಸೋಕೆ ಏನೂ ಇಲ್ಲ" ಎಂದ.

"ಇರಲ್ಲ. ನಂಗೊತ್ತು. ನೀನು ಕೊಡೋದ್ರಲ್ಲಿ ಒಂದು ದಿನ ಮುಖ ಗಂಟಿಕ್ಕಿದೋನಲ್ಲ, ಅದನ್ನ ನಾನು ಕಣ್ಣಾರೆ ನೋಡಿದೀನಿ. ಇಂಥಾ ಮಾತು ಇನ್ನೊಂದ್ಸಲ ಬಾಯಲ್ಲಿ ಬಂದ್ರೆ ಈ ಮನೆಗೆ ಬರ್ಬೇಡ." ಅವಳು ಕನ್ನಡಕ ಹಾಕಿಕೊಂಡು ಸ್ಕೇಲನ್ನು ಟ್ಯಾಕ್ಸಿಯ ಸಾಲಿಗೆ ಸರಿಯಾಗಿ ಕೂರಿಸಿದಳು. "ಟ್ಯಾಕ್ಸೀಲಿ ರೋಗಿ ಕೂತಿದ್ರೆ ಮಾತ್ರ ಕೊಡ್ತಾರೆ. ರೂಲ್ಸು ಹಂಗಿದೆ. ನೀನು ಒಬ್ಬನೇ ಬಂದಿದ್ದಲ್ವಾ?"

"ಒಬ್ಬನೇ."

ಗೆರೆ ತಾರೀಖಿನಿಂದ ಮೊತ್ತದವರೆಗೆ ನೆಟ್ಟಗೆ ಹೋಯಿತು.

"ಹೂಂ, ಮುಂದೆ. ಕಿತ್ತಳೆಹಣ್ಣು, ಎರಡು ಕೆ.ಜಿ. ಇದು ಯಾರ್ದು?"

ಅವನು ಬಗ್ಗಿ ನೋಡಿದ. ನಿಜಕ್ಕೂ ಅವನಿಗೆ ನೆನಪಿರಲಿಲ್ಲ.